ಸಿಲ್ಕ್‌ಸಾಂಗ್ ಮತ್ತು ಇನ್ನು ಮೂರು ಆಟಗಳು: ತಿಂಗಳುಗಟ್ಟಲೆ ಆಡಿದ ಮೇಲೆ

ಆಟ ಬಿಡುಗಡೆಯಾದ ವಾರವೇ ಬರುವ ವಿಮರ್ಶೆಗಳಲ್ಲಿ ಬೆರಗಿನ ಪಾಲು ಹೆಚ್ಚು. ಗ್ರಾಫಿಕ್ಸ್, ಸಂಗೀತ, ಕಥೆಯ ಮೊದಲ ತಿರುವು ಇವೆಲ್ಲ ಆಗಿನ್ನೂ ಕಣ್ಣು ಕಿವಿಗಳಲ್ಲಿ ತುಂಬಿಕೊಂಡಿರುತ್ತವೆ. ತಿಂಗಳುಗಳು ಉರುಳಿದ ಮೇಲೆ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಇಷ್ಟು ದಿನ ಆಡಿ ಬಲಿತದ್ದು ಯಾರು, ಪರದೆಯ ಮೇಲಿನ ಪಾತ್ರವೋ ಅಥವಾ ಕಂಟ್ರೋಲರ್ ಹಿಡಿದ ನಾನೋ? 2025ರಲ್ಲಿ ಬಂದ ನಾಲ್ಕು ಆಟಗಳನ್ನು ಬಿಡುವು ಸಿಕ್ಕಾಗಲೆಲ್ಲ ಆಡಿದ್ದೇನೆ. ಅವುಗಳನ್ನು ಈ ಪ್ರಶ್ನೆಯ ಎದುರು ನಿಲ್ಲಿಸಿ ಬರೆಯುತ್ತಿದ್ದೇನೆ.

ಮೊದಲು ಸಿಲ್ಕ್‌ಸಾಂಗ್. ಹಾಲೋ ನೈಟ್ ಬಂದದ್ದು 2017ರಲ್ಲಿ. ಅದರ ಮುಂದುವರಿಕೆಯಾದ ಸಿಲ್ಕ್‌ಸಾಂಗನ್ನು ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ತಂಡ 2019ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಆಟ ಕೈಗೆ ಸಿಕ್ಕಿದ್ದು 2025ರ ಸೆಪ್ಟೆಂಬರ್ 4ರಂದು. ಅಷ್ಟು ವರ್ಷ ಕಾದವರೆಲ್ಲ ಒಮ್ಮೆಲೇ ಮುಗಿಬಿದ್ದುದರಿಂದ ಸ್ಟೀಮ್ ಸೇರಿದಂತೆ ಹಲವು ಆನ್‌ಲೈನ್ ಮಳಿಗೆಗಳು ಕೆಲಹೊತ್ತು ಸ್ಥಗಿತಗೊಂಡವು. ಇಂಥ ನಿರೀಕ್ಷೆಯ ಭಾರವನ್ನು ಹೊತ್ತು ಬಂದ ಆಟ ಸಾಮಾನ್ಯವಾಗಿ ಎಲ್ಲರನ್ನೂ ಮೆಚ್ಚಿಸಲು ಹೊರಡುತ್ತದೆ. ಇದು ಹಾಗೆ ಮಾಡಲಿಲ್ಲ. ಅದಕ್ಕಾಗಿಯೇ ನನಗೆ ಇದರ ಮೇಲೆ ಗೌರವ.

ಇದರ ಲೆಕ್ಕಾಚಾರ ಬಹಳ ಬಿಗಿಯಾದದ್ದು. ನಾಯಕಿ ಹಾರ್ನೆಟ್‌ಗೆ ಆರಂಭದಲ್ಲಿ ಐದು ಮುಖವಾಡಗಳಷ್ಟು ಪ್ರಾಣ. ಹಲವು ಬಾಸ್‌ಗಳ, ಅಂದರೆ ದಾರಿಗಡ್ಡ ನಿಲ್ಲುವ ಬಲಾಢ್ಯ ಶತ್ರುಗಳ, ಒಂದು ಏಟಿಗೆ ಎರಡು ಮುಖವಾಡ ಹೋಗುತ್ತವೆ, ಹಾಗಾಗಿ ಮೂರನೆಯ ಏಟಿಗೆ ಸಾವು. ಗಾಯ ಮಾಯಿಸಿಕೊಳ್ಳಲು ರೇಷ್ಮೆ ಬೇಕು, ರೇಷ್ಮೆ ತುಂಬುವುದು ಶತ್ರುವಿಗೆ ಹೊಡೆದಾಗ. ಹಳೆಯ ಆಟದಲ್ಲಿ ನೆಲದ ಮೇಲೆ ನಿಂತು ಒಂದೊಂದೇ ಮುಖವಾಡವನ್ನು ಮರಳಿ ಪಡೆಯಬೇಕಿತ್ತು. ಇಲ್ಲಿ ಗಾಳಿಯಲ್ಲಿರುವಾಗಲೂ ಒಂದೇ ಸಲಕ್ಕೆ ಮೂರನ್ನು ಪಡೆಯಬಹುದು. ಕೇಳಲು ಉದಾರವೆನಿಸುವ ಈ ನಿಯಮದೊಳಗೇ ಒತ್ತಡ ಅಡಗಿದೆ: ಏಟು ತಿಂದವರು ಹಿಂದೆ ಸರಿದು ಮೂಲೆಯಲ್ಲಿ ಸುಧಾರಿಸಿಕೊಳ್ಳುವಂತಿಲ್ಲ, ರೇಷ್ಮೆಗಾಗಿ ಮತ್ತೆ ಎದುರಾಳಿಯ ಹತ್ತಿರವೇ ಹೋಗಬೇಕು. ಹೆದರಿ ಓಡುವ ಬೆರಳುಗಳನ್ನು ಮುಂದೆ ನುಗ್ಗುವ ಬೆರಳುಗಳನ್ನಾಗಿ ಈ ಆಟ ನಿಧಾನವಾಗಿ ಬದಲಿಸುತ್ತದೆ.

ಕೆಳಮುಖದ ಹೊಡೆತವನ್ನೇ ನೋಡಿ. ಮೊದಲ ಆಟದಲ್ಲಿ ಅದು ನೇರ ಕೆಳಕ್ಕೆ ಬೀಳುತ್ತಿತ್ತು. ಹಾರ್ನೆಟ್ ಆರಂಭದಲ್ಲಿ ಓರೆಯಾಗಿ ಇರಿಯುತ್ತಾಳೆ. ಹಂಟರ್ಸ್ ಮಾರ್ಚ್ ಪ್ರದೇಶದ ಕೆಂಪು ಹೂಗಳ ಮೇಲೆ ಪುಟಿಯುತ್ತಾ ಸಾಗಬೇಕಾದಾಗ ಆ ಓರೆಯ ಕೋನವನ್ನು ಮೊದಲೇ ಅಂದಾಜು ಮಾಡಿ, ಹೂವಿಗಿಂತ ತುಸು ಹಿಂದಿನಿಂದ ಜಿಗಿಯಬೇಕು. ಆರಂಭದಲ್ಲಿ ಇದು ಅನಗತ್ಯ ಕಾಟವೆಂದೇ ಅನಿಸುತ್ತದೆ. ಮುಂದೆ ವಾಂಡರರ್ ಲಾಂಛನ ಸಿಕ್ಕರೆ ಹಳೆಯ ನೇರ ಹೊಡೆತ ಮರಳುತ್ತದೆ. ಅದು ಸಿಕ್ಕಮೇಲೂ ನಾನು ಓರೆಯ ಇರಿತವನ್ನೇ ಉಳಿಸಿಕೊಂಡೆ, ಏಕೆಂದರೆ ಅದು ಹೊಡೆತವೂ ಹೌದು, ಮುನ್ನುಗ್ಗುವ ಚಲನೆಯೂ ಹೌದು.

ನಕ್ಷೆ ಮಾರುವ ಶಾಕ್ರಾಳ ಬಗ್ಗೆ ಹೇಳದಿದ್ದರೆ ಮಾತು ಪೂರ್ಣವಾಗದು. ಹೊಸ ಪ್ರದೇಶಕ್ಕೆ ಕಾಲಿಟ್ಟು ದಿಕ್ಕು ತಪ್ಪಿರುವಾಗ ಎಲ್ಲಿಂದಲೋ ಅವಳ ಹಾಡು ಕೇಳಿಸುತ್ತದೆ, ದನಿ ದೊಡ್ಡದಾಗುವ ಕಡೆ ಹೆಜ್ಜೆ ಹಾಕಿದರೆ ನಕ್ಷೆ ಸಿಗುತ್ತದೆ. ಬಾಣದ ಗುರುತುಗಳಿಂದ ಪರದೆ ತುಂಬಿಸುವ ಆಟಗಳ ಕಾಲದಲ್ಲಿ ಕಿವಿಯನ್ನು ನಂಬಿ ದಾರಿ ಹುಡುಕುವ ಈ ಸುಖ ದೊಡ್ಡದು.

ಆದರೆ ಒಂದು ವಿಷಯದಲ್ಲಿ ಈ ಆಟದೊಂದಿಗೆ ನನಗೆ ಈಗಲೂ ಒಪ್ಪಿಗೆಯಿಲ್ಲ. ಲಾಸ್ಟ್ ಜಡ್ಜ್ ಎಂಬ ಬಾಸ್ ಇದೆ. ಉರಿಯುವ ಧೂಪದಾನಿಯನ್ನು ಸರಪಳಿಗೆ ಕಟ್ಟಿ ಬೀಸುತ್ತಾ ಬರುವ ಕಾವಲುಗಾರ. ಕಾಳಗ ಸೊಗಸಾಗಿದೆ, ಪ್ರತಿ ಬೀಸಿಗೂ ಮುನ್ಸೂಚನೆ ಇದೆ, ಸಾಯುವಾಗಲೂ ಸ್ಫೋಟಿಸಿ ಗೆದ್ದವರನ್ನು ಸುಡುವುದು ಕೂಡ ಆ ಪಾತ್ರಕ್ಕೆ ಒಪ್ಪುತ್ತದೆ. ಬೇಸರ ತರಿಸುವುದು ಬೆಂಚಿನಿಂದ, ಅಂದರೆ ಸತ್ತ ಮೇಲೆ ಆಟ ಮತ್ತೆ ಶುರುವಾಗುವ ತಾಣದಿಂದ, ಅವನ ಬಾಗಿಲಿನವರೆಗಿನ ದಾರಿ. ಸೋತಾಗಲೆಲ್ಲ ಗಾಳಿ ಬೀಸುವ ಅದೇ ಬಂಡೆಗಳನ್ನು ಹತ್ತಿ, ಅದೇ ಕೀಟಗಳನ್ನು ತಪ್ಪಿಸಿಕೊಂಡು ಓಡಬೇಕು. ಬಾಸ್‌ನೊಡನೆ ಸೋತರೆ ಕಲಿಯಲು ಏನಾದರೂ ಇರುತ್ತದೆ, ಈಗಾಗಲೇ ಕಲಿತ ದಾರಿಯನ್ನು ಮತ್ತೆ ಮತ್ತೆ ಓಡುವುದರಲ್ಲಿ ಏನೂ ಇಲ್ಲ. ಅಲ್ಲಿ ಸಿಕ್ಕಿಬಿದ್ದವರಿಗೆ ಒಂದು ಸಲಹೆ: ಅವನು ಕಾಯುವ ಕೋಟೆಯೊಳಗೆ ಹೋಗಲು ಮಂಜಿನ ಪ್ರದೇಶದ ಮೂಲಕ ಇನ್ನೊಂದು ದಾರಿಯೂ ಇದೆ, ಅದನ್ನು ಹುಡುಕಿ. ಬಿಡುಗಡೆಯ ಬೆನ್ನಿಗೇ ಬಂದ ಮೊದಲ ಅಪ್‌ಡೇಟ್ ಮೂರ್‌ವಿಂಗ್ ಮತ್ತು ಸಿಸ್ಟರ್ ಸ್ಪ್ಲಿಂಟರ್ ಬಾಸ್‌ಗಳ ಕಾಠಿಣ್ಯವನ್ನು ತುಸು ತಗ್ಗಿಸಿತು. ನನ್ನನ್ನು ಕೇಳಿದರೆ ಬಾಸ್‌ಗಳನ್ನು ಹಾಗೆಯೇ ಬಿಟ್ಟು ಬೆಂಚುಗಳನ್ನು ಹತ್ತಿರ ತರಬೇಕಿತ್ತು.

2025ರ ಏಪ್ರಿಲ್ 24ರಂದು ಬಂದ ಕ್ಲೇರ್ ಆಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಕುರಿತು ಹೊಗಳಿಕೆ ಎಷ್ಟೋ ಬಂದಿದೆ, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟವೆಂಬ ಪ್ರಶಸ್ತಿಯೂ ಬಂತು. ಫ್ರಾನ್ಸಿನ ಮಾಂಪೆಲಿಯೇ ನಗರದ ಸ್ಯಾಂಡ್‌ಫಾಲ್ ತಂಡದ ಮೊದಲ ಆಟವಿದು. ವರ್ಷಕ್ಕೊಮ್ಮೆ ಚಿತ್ರಗಾರ್ತಿಯೊಬ್ಬಳು ದೈತ್ಯ ಸ್ತಂಭದ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ, ಆ ವಯಸ್ಸಿನವರು ಹೂವಿನ ಎಸಳುಗಳಾಗಿ ಕರಗಿಹೋಗುತ್ತಾರೆ. ಆರಂಭದ ಆ ಒಂದು ಗಂಟೆಯಷ್ಟು ನನ್ನನ್ನು ಕಲಕಿದ ಆರಂಭ ಇತ್ತೀಚಿನ ಯಾವ ಆಟದಲ್ಲೂ ಇಲ್ಲ.

ಸರದಿಯ ಮೇಲೆ ನಡೆಯುವ ಕಾಳಗವಾದರೂ ಎದುರಾಳಿಯ ಸರದಿಯಲ್ಲಿ ಸುಮ್ಮನೆ ಕೂರುವಂತಿಲ್ಲ. ಅವನ ಏಟನ್ನು ತಪ್ಪಿಸಿಕೊಳ್ಳಬಹುದು, ಇಲ್ಲವೇ ಸರಿಯಾದ ಕ್ಷಣಕ್ಕೆ ಬಟನ್ ಒತ್ತಿ ತಡೆಯಬಹುದು. ತಡೆಯುವ ಕ್ಷಣ ಬಹಳ ಕಿರಿದು, ಪ್ರತಿಫಲ ದೊಡ್ಡದು: ಸಾಲಾಗಿ ಬರುವ ಏಟುಗಳನ್ನೆಲ್ಲ ತಡೆದರೆ ಪ್ರತಿದಾಳಿ. ಕತ್ತಿ ಎತ್ತಿದ ಶತ್ರು ಬೇಕೆಂದೇ ಅರೆಕ್ಷಣ ತಡೆದು ನಿಲ್ಲುತ್ತಾನೆ. ಆ ನಿಲುಗಡೆಯ ಲಯ ಮೈಗೂಡಿದ ಮೇಲೆ ಒಂದೂ ಗಾಯವಿಲ್ಲದೆ ಗೆದ್ದುಬರುವ ಖುಷಿಗೆ ಸಾಟಿಯಿಲ್ಲ. ಮೊದಲ ಎರಡು ಅಂಕಗಳಲ್ಲಿ ಈ ಖುಷಿ ಅಖಂಡವಾಗಿದೆ. ಮೂರನೆಯ ಅಂಕಕ್ಕೆ ಬರುವಾಗ ಒಂದೇ ಹೊಡೆತಕ್ಕಿದ್ದ 9,999ರ ಮಿತಿಯನ್ನು ದಾಟಿಸುವ ಪಿಕ್ಟೋ, ಅಂದರೆ ಪಾತ್ರಕ್ಕೆ ತೊಡಿಸಿ ಶಕ್ತಿ ಪಡೆಯುವ ಸಾಧನ, ಕೈಗೆ ಬರುತ್ತದೆ. ಆಮೇಲೆ ಅಂಕಿಗಳದೇ ಆಳ್ವಿಕೆ. ಪಿಕ್ಟೋಗಳನ್ನು ಜಾಣತನದಿಂದ ಜೋಡಿಸಿದ ಮಾಯೆಲ್ ಎಂಬ ಪಾತ್ರ ತಂಡದಲ್ಲಿದ್ದರೆ ಶತ್ರುವಿಗೆ ಸರದಿ ಬರುವ ಮುನ್ನವೇ ಕಾಳಗ ಮುಗಿದಿರುತ್ತದೆ. ಅಷ್ಟು ಶ್ರದ್ಧೆಯಿಂದ ಆಟ ತಾನೇ ಕಲಿಸಿದ ವಿದ್ಯೆ ಅಲ್ಲಿ ಕೆಲಸಕ್ಕೆ ಬಾರದೆ ಹೋಗುವುದು ನನಗೆ ನಿಜವಾಗಿ ನೋವು ತಂದಿತು. ಎರಡನೆಯ ಸಲ ಆಡುವಾಗ ಮಿತಿ ದಾಟಿಸುವ ಆ ಪಿಕ್ಟೋವನ್ನು ತೊಡದೆ ಆಡಿದೆ, ಆಟ ಮತ್ತೆ ಬಿಗಿಯಾಯಿತು. ಮೊದಲ ಬಾರಿ ಆಡುವವರಿಗೂ ಹಾಗೆಯೇ ಆಡಿ ಎನ್ನುತ್ತೇನೆ.

ಬ್ಲೂ ಪ್ರಿನ್ಸ್‌ನಲ್ಲಿ ಬೆರಳಿಗೆ ಕೆಲಸವೇ ಇಲ್ಲ, ಇರುವುದೆಲ್ಲ ತಲೆಗೆ. 45 ಕೋಣೆಗಳ ಬಂಗಲೆಯಲ್ಲಿ 46ನೆಯ ಕೋಣೆಯನ್ನು ಹುಡುಕಬೇಕು. ಮುಚ್ಚಿದ ಬಾಗಿಲು ತೆರೆದಾಗ ಮೂರು ಕೋಣೆಗಳ ನಕ್ಷೆ ಎದುರಾಗುತ್ತದೆ, ಆರಿಸಿದ ಕೋಣೆ ಅಲ್ಲಿ ನಿಲ್ಲುತ್ತದೆ. ದಿನಕ್ಕೆ 50 ಹೆಜ್ಜೆಗಳಿಂದ ಆರಂಭ, ಮರುದಿನ ಬಂಗಲೆ ಮತ್ತೆ ಖಾಲಿ. ಉಳಿಯುವುದು ಮುಖ್ಯವಾಗಿ ಆಟಗಾರನ ಟಿಪ್ಪಣಿ ಪುಸ್ತಕ. ಪಾರ್ಲರ್ ಕೋಣೆಯ ಮೂರು ಪೆಟ್ಟಿಗೆಗಳ ಒಗಟನ್ನು ನೋಡಿ: ಒಂದಾದರೂ ಪೆಟ್ಟಿಗೆ ನಿಜವನ್ನೇ ಹೇಳುತ್ತದೆ, ಒಂದಾದರೂ ಸುಳ್ಳನ್ನೇ ಹೇಳುತ್ತದೆ, ರತ್ನಗಳು ಒಂದರಲ್ಲಿ ಮಾತ್ರ. ನಿಯಮ ಇಷ್ಟೇ, ಆದರೂ ದಿನಗಳೆದಂತೆ ವಾಕ್ಯಗಳು ಒಂದನ್ನೊಂದು ಹೆಣೆದುಕೊಂಡು ಬಿಗಿಯಾಗುತ್ತವೆ. ನನ್ನ ಪ್ರಶ್ನೆಗೆ ಇಷ್ಟು ಸ್ಪಷ್ಟ ಉತ್ತರ ಕೊಟ್ಟ ಆಟ ಬೇರೆ ಇಲ್ಲ. ಆದರೆ ಕೊನೆಯ ಹಂತದ ಒಗಟುಗಳಲ್ಲಿ ಅದೃಷ್ಟ ಅಡ್ಡ ಬರುತ್ತದೆ. ಉತ್ತರ ಗೊತ್ತಿದೆ, ಬೇಕಾದ ಕೋಣೆ ಮಾತ್ರ ಬಾಗಿಲಿನಾಚೆ ಬರುವುದಿಲ್ಲ. ಉತ್ತರ ಗೊತ್ತಿದ್ದೂ ಕಾಯಬೇಕಾದ ಆ ಸಂಜೆಗಳಲ್ಲಿ ನಾನು ಆಟವನ್ನು ಮುಚ್ಚಿಟ್ಟು ಎದ್ದುಬಿಡುತ್ತೇನೆ.

ಹೇಡಿಸ್ 2 ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2024ರ ಮೇ ತಿಂಗಳಿನಿಂದ ಅರ್ಲಿ ಆಕ್ಸೆಸ್‌ನಲ್ಲಿ, ಅಂದರೆ ಪೂರ್ಣಗೊಳ್ಳುವ ಮುನ್ನವೇ ಆಡಲು ಸಿಗುವ ರೂಪದಲ್ಲಿ, ಇದ್ದು 2025ರ ಸೆಪ್ಟೆಂಬರ್ 25ರಂದು ಪೂರ್ಣಗೊಂಡ ಆಟ. ನಾಯಕಿ ಮೆಲಿನೋಯಿಗೆ ಪಾತಾಳಕ್ಕಿಳಿಯುವ ದಾರಿಯೂ ಇದೆ, ಒಲಿಂಪಸ್ ಹತ್ತುವ ದಾರಿಯೂ ಇದೆ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಅವಳ ಚಲನೆ ಕುಂಠಿತಗೊಂಡು ಹೊಡೆತ ಬಲಗೊಳ್ಳುವುದರಿಂದ, ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನವೇ ಕಾಳಗದ ಜೀವ. ಸಣ್ಣ ಬಿಡುವಿಗೆ ನಾನು ಇಂದಿಗೂ ತೆರೆಯುವ ಆಟ ಇದೇ.

ಇನ್ನು ಬರಲಿರುವ ಆಟಗಳು. ಎಲ್ಲರ ಬಾಯಲ್ಲಿರುವುದು ಗ್ರ್ಯಾಂಡ್ ಥೆಫ್ಟ್ ಆಟೋ 6. 2025ಕ್ಕೆಂದು ಹೇಳಿ, ಬಳಿಕ 2026ರ ಮೇ 26 ಎಂದು, ಕೊನೆಗೆ ನವೆಂಬರ್ 19 ಎಂದು ದಿನಾಂಕ ಮುಂದೆ ಹೋಗಿದೆ. ಹಿಂದಿನದು ಬಂದದ್ದು 2013ರಲ್ಲಿ. ಲೂಸಿಯಾ ಮತ್ತು ಜೇಸನ್ ಜೋಡಿಯ ಕಥೆಯೂ ವೈಸ್ ಸಿಟಿಯ ಬೀದಿಗಳೂ ಟ್ರೇಲರ್‌ಗಳಲ್ಲಿ ಕಣ್ಣು ಕುಕ್ಕುವಂತಿವೆ. ನಾನು ಎದುರು ನೋಡುತ್ತಿರುವುದು ಮಾತ್ರ ಕಾರ್ಯಾಚರಣೆಗಳ ರಚನೆಯನ್ನು: ಹೇಳಿದ ದಾರಿಯಿಂದ ಒಂದು ಗಲ್ಲಿ ಆಚೆ ಹೋದರೆ ವಿಫಲವೆಂದು ಘೋಷಿಸುವ ಹಳೆಯ ಪದ್ಧತಿಯನ್ನು ಬಿಟ್ಟರೆ ಅಷ್ಟು ದೊಡ್ಡ ನಗರಕ್ಕೆ ಅರ್ಥ ಬರುತ್ತದೆ. ಸಿರಿಯನ್ನು ನಾಯಕಿಯಾಗಿಸಿದ ವಿಚರ್ 4 ಇನ್ನೂ ದೂರವಿದೆ, ಅದರ ಬಗ್ಗೆ ಈಗಲೇ ಆಸೆ ಕಟ್ಟಿಕೊಳ್ಳುವುದಿಲ್ಲ.

ನನ್ನ ನಿಜವಾದ ಕಾತರ ಸಿಲ್ಕ್‌ಸಾಂಗ್‌ನ ಉಚಿತ ವಿಸ್ತರಣೆ ಸೀ ಆಫ್ ಸಾರೋ ಮೇಲೆ. 2026ರಲ್ಲಿ ಬರುವುದೆಂದು ತಂಡ ತಿಳಿಸಿದೆ. ಹೊಸ ಪ್ರದೇಶ, ಹೊಸ ಬಾಸ್‌ಗಳು, ಹೊಸ ಸಲಕರಣೆಗಳು ಬರಲಿ. ಬಾಸ್‌ಗಳು ಎಷ್ಟು ಕಠಿಣವಾಗಿದ್ದರೂ ಸರಿ, ಬೆಂಚು ಮಾತ್ರ ಅವರ ಬಾಗಿಲ ಪಕ್ಕದಲ್ಲೇ ಇರಲಿ.