ತಾರಾಲಯ, ಸ್ಟಾರ್‌ಗೇಜಿಂಗ್ ಕ್ಯಾಂಪ್, ಗಾಳಿ ತುಂಬೋ ಗುಮ್ಮಟ: ಮನೆಮಂದಿಗೆಲ್ಲ ಆಕಾಶ ತೋರಿಸೋಕೆ ಯಾವುದು ಸರಿ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಕನ್ನಡ ಶೋಗೆ. ಮನೇಲಿ ಇಬ್ರು ಮಕ್ಕಳು, ಊರಿಂದ ಬಂದುಹೋಗೋ ನಮ್ಮಪ್ಪ, ಕಾರಿಲ್ಲ, ಶನಿವಾರ ನನಗೆ ಅರ್ಧ ದಿನ ಕೆಲಸ ಇರುತ್ತೆ. ಮಗಳಿಗೆ ನಕ್ಷತ್ರದ ಹುಚ್ಚು ಹಿಡಿದ ಮೇಲೆ ಒಂದೊಂದೇ ಟ್ರೈ ಮಾಡ್ತಾ ಬಂದ್ವಿ: ದುಡ್ಡು ಕೊಟ್ಟು ಹೋಗೋ ರಾತ್ರಿ ಕ್ಯಾಂಪು, ಅಪಾರ್ಟ್‌ಮೆಂಟಿಗೇ ಬರೋ ಗಾಳಿ ತುಂಬೋ ಗುಮ್ಮಟ (ಒಳಗೆ ಕೂತು ಆಕಾಶದ ಶೋ ನೋಡೋದು), ಬೆಂಗಳೂರು ತಾರಾಲಯ, ಆಮೇಲೆ ಮಂಗಳೂರಿಗೆ ಹೋದಾಗ ಪಿಲಿಕುಳ. ಇದರಲ್ಲಿ ಜಾಸ್ತಿ ದುಡ್ಡು ಹೋಗಿದ್ದು ಕ್ಯಾಂಪಿಗೆ, ಕಮ್ಮಿ ಕಂಡಿದ್ದೂ ಅಲ್ಲೇ, ಅದಕ್ಕೇ ಅದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಬೇರೆಯವರ ದುಡ್ಡಾದ್ರೂ ಉಳೀಲಿ.

ಕ್ಯಾಂಪು ಯಾರದ್ದು ಅಂತ ಹೆಸರು ಬೇಡ, ಈ ಥರದ್ದು ಈಗ ತುಂಬಾ ಇವೆ. ಊರಿಂದ ಒಂದೆರಡು ಗಂಟೆ ದಾರಿ, ಟೆಂಟು, ರಾತ್ರಿ ಊಟ, ಟೆಲಿಸ್ಕೋಪು, ಒಬ್ಬರಿಗೆ 2,500 ರೂಪಾಯಿ. ಪೋಸ್ಟರಲ್ಲಿ ದಿಗಂತದಿಂದ ದಿಗಂತಕ್ಕೆ ಬಿಳೀ ಪಟ್ಟಿ ಥರ ಆಕಾಶಗಂಗೆ, ಕೆಳಗೆ ಟೆಂಟಿನ ಒಳಗೆ ಹಳದಿ ಲೈಟು. ಡೇಟು ಸಂಕ್ರಾಂತಿ ಆದ ಶನಿವಾರ. ಅವತ್ತು ಶುದ್ಧ ತ್ರಯೋದಶಿ.

ಇದೇ ತೊಂದರೆ. ತ್ರಯೋದಶಿ ಚಂದ್ರ ಸೂರ್ಯ ಮುಳುಗೋಕೆ ಮುಂಚೇನೇ ಪೂರ್ವದಲ್ಲಿ ಏರಿರ್ತಾನೆ, ಮುಳುಗೋದು ಹತ್ತಿರ ಹತ್ತಿರ ಬೆಳಗಿನ ಜಾವ. ಅಂದ್ರೆ ರಾತ್ರಿ ಪೂರ್ತಿ ತಲೆ ಮೇಲೆ ಅವನೇ. ಪುಷ್ಯ ಮಾಸದ ಹುಣ್ಣಿಮೆ ಚಂದ್ರ ಪುಷ್ಯ ನಕ್ಷತ್ರದ ಹತ್ತಿರ ಇರ್ತಾನಲ್ಲ, ಅದಕ್ಕೆ ಎರಡು ದಿನ ಮುಂಚೆ ಅಂದ್ರೆ ಆರಿದ್ರಾ ಪುನರ್ವಸು ಹತ್ತಿರ, ಸರಿಯಾಗಿ ಮಹಾವ್ಯಾಧನ (ಇಂಗ್ಲಿಷಲ್ಲಿ ಓರಿಯನ್ ಅನ್ನೋ ನಕ್ಷತ್ರಪುಂಜದ) ಪಕ್ಕದಲ್ಲಿ. ಚಳಿಗಾಲದ ಆಕಾಶದಲ್ಲಿ ಎಲ್ಲಕ್ಕಿಂತ ಚೆಂದದ ಜಾಗ ಅದು, ಮಹಾವ್ಯಾಧನ ಕತ್ತಿಯಲ್ಲಿರೋ ನೀಹಾರಿಕೆ (ನೆಬ್ಯುಲಾ, ಅಂದ್ರೆ ಅನಿಲ, ಧೂಳಿನ ಮೋಡ) ಕತ್ತಲಿದ್ರೆ ಬರೀ ಬೈನಾಕ್ಯುಲರಲ್ಲೇ ಮಂಜಿನ ಥರ ಕಾಣುತ್ತೆ, ಅವತ್ತು ಟೆಲಿಸ್ಕೋಪಲ್ಲಿ ಬೂದು ಬಣ್ಣದ ಒಂದು ಕಲೆ ಅಷ್ಟೇ. ಕೃತ್ತಿಕೆಯ ಆರು ನಕ್ಷತ್ರ ಎಣಿಸೋಕೂ ಮಗಳು ಒದ್ದಾಡಿದ್ಲು. ನಮ್ಮ ಮನೆ ಟೆರೇಸಿಂದಲೂ ಇಷ್ಟೇ ಕಾಣೋದು.

ಆಯ್ತು, ಚಂದ್ರನನ್ನಾದ್ರೂ ನೋಡೋಣ ಅಂದ್ರೆ ಅದೂ ತ್ರಯೋದಶಿಯಲ್ಲಿ ಸಪ್ಪೆ. ಚಂದ್ರನ ಕುಳಿಗಳು ಎದ್ದು ಕಾಣ್ಬೇಕಾದ್ರೆ ಅಲ್ಲಿ ಉದ್ದ ನೆರಳು ಬೀಳ್ಬೇಕು, ಅದು ಅಷ್ಟಮಿ ಆಸುಪಾಸಲ್ಲಿ, ಬೆಳಕು ಕತ್ತಲೆ ಸೇರೋ ಗೆರೆಯ ಪಕ್ಕದಲ್ಲಿ ಚೆನ್ನಾಗಿರುತ್ತೆ. ಹುಣ್ಣಿಮೆ ಹತ್ರ ಬಂದಂಗೆ ಅಲ್ಲಿ ಸೂರ್ಯ ನೆತ್ತಿ ಮೇಲೆ ಬಂದಿರ್ತಾನೆ, ನೆರಳಿಲ್ಲ, ಎಲ್ಲ ಚಪ್ಪಟೆ, ಕಣ್ಣಿಗೆ ಹೊಡೆಯೋ ಬೆಳಕು ಬೇರೆ.

ಇನ್ನು ಪೋಸ್ಟರಿನ ಆ ಆಕಾಶಗಂಗೆ. ಫೋಟೋಲಿ ಬರೋ ಆ ದಪ್ಪ ಹೊಳೆಯೋ ಭಾಗ ಧನು ರಾಶಿ ವೃಶ್ಚಿಕದ ಕಡೆ ಇರೋದು, ನಮ್ಮ ಗ್ಯಾಲಕ್ಸಿಯ ನಡುಭಾಗ ಆ ದಿಕ್ಕಲ್ಲಿದೆ. ಸಂಕ್ರಾಂತಿ ಹೊತ್ತಿಗೆ ಸೂರ್ಯನೇ ಆ ಕಡೆ ಇರ್ತಾನೆ, ಧನುರ್ಮಾಸ ಆಗತಾನೆ ಮುಗಿದಿರುತ್ತೆ, ಹಾಗಾಗಿ ಆ ಭಾಗ ಸೂರ್ಯನಿಗಿಂತ ಸ್ವಲ್ಪ ಮುಂಚೆ ಹುಟ್ಟಿ ಸೂರ್ಯನಿಗಿಂತ ಮುಂಚೇನೇ ಮುಳುಗುತ್ತೆ. ಜನವರಿ ರಾತ್ರಿ ಒಂಬತ್ತು ಗಂಟೆಗೆ ಅದು ನಮ್ಮ ಕಾಲ ಕೆಳಗೆ ಭೂಮಿಯ ಆ ಕಡೆ ಇರುತ್ತೆ, ಚಂದ್ರ ಇಲ್ದಿದ್ರೂ ಕಾಣ್ತಿರ್ಲಿಲ್ಲ. ಆರ್ಗನೈಸರನ್ನ ಕೇಳಿದ್ರೆ ನೇಚರ್ ಮೇಡಂ, ನಮ್ಮ ಕೈಲಿಲ್ಲ ಅಂದ್ರು. ಮೋಡ ಬಂದ್ರೆ ನೇಚರ್ ಅಂತ ಒಪ್ಕೋಬಹುದು. ತಿಥಿ ಒಂದು ವರ್ಷ ಮುಂಚೇನೇ ಪಂಚಾಂಗದಲ್ಲಿ ಪ್ರಿಂಟಾಗಿ ಮನೆಮನೆ ಗೋಡೆ ಮೇಲೆ ನೇತಾಡ್ತಿರುತ್ತೆ, ಅದನ್ನ ನೋಡಿ ಶನಿವಾರ ಆರಿಸೋದು ದುಡ್ಡು ತಗೊಂಡವರ ಕೆಲಸ. ರೀಫಂಡೂ ಇಲ್ಲ.

ಅದರ ಜೊತೆ ಕ್ಯಾಂಪ್‌ಫೈರು, ಟೆಂಟಿಗೆಲ್ಲ ಸೀರಿಯಲ್ ಲೈಟು. ಕಣ್ಣು ಕತ್ತಲೆಗೆ ಪೂರ್ತಿ ಹೊಂದ್ಕೊಳ್ಳೋಕೆ 20ರಿಂದ 30 ನಿಮಿಷ ಬೇಕು, ಒಂದು ಸಲ ಬಿಳೀ ಬೆಳಕು ಬಿತ್ತು ಅಂದ್ರೆ ಮತ್ತೆ ಮೊದಲಿಂದ. ಅದಕ್ಕೇ ಗೊತ್ತಿರೋರು ಮಂದ ಕೆಂಪು ಟಾರ್ಚ್ ಇಟ್ಕೊಳ್ಳೋದು.

ಯಾರಾದ್ರೂ ಕ್ಯಾಂಪಿಗೆ ಹೋಗೋರಿದ್ರೆ ಇಷ್ಟು ನೋಡ್ಕೊಳ್ಳಿ: ಬಹುಳ ಅಷ್ಟಮಿಯಿಂದ ಅಮಾವಾಸ್ಯೆ ದಾಟಿ ಶುದ್ಧ ಚೌತಿ ತನಕ ಓಕೆ. ಬಹುಳ ಅಷ್ಟಮಿಗೆ ಚಂದ್ರ ಬರೋದೇ ನಡುರಾತ್ರಿ ಹೊತ್ತಿಗೆ, ಚೌತಿಗೆ ಒಂಬತ್ತೂವರೆ ಹತ್ತರೊಳಗೆ ಮುಳುಗಿರ್ತಾನೆ. ಇದರ ಆಚೆಗಿನ ಡೇಟಿಗೆ ಎಷ್ಟೇ ಡಿಸ್ಕೌಂಟ್ ಕೊಟ್ರೂ ಬೇಡ. ಆಕಾಶಗಂಗೆಯ ದಪ್ಪ ಭಾಗಾನೇ ಬೇಕು ಅಂದ್ರೆ ಏಪ್ರಿಲ್ ಮೇ ತಿಂಗಳ ತಡರಾತ್ರಿ, ಮಳೆ ಶುರುವಾಗೋಕೆ ಮುಂಚೆ.

ಈಗ ಗಾಳಿ ತುಂಬೋ ಗುಮ್ಮಟ. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಮಕ್ಕಳ ದಿನಾಚರಣೆಗೆ ಕರೆಸಿದ್ರು. ಕ್ಲಬ್‌ಹೌಸಲ್ಲಿ ದೊಡ್ಡ ಬ್ಲೋವರ್ ಇಟ್ಟು ಬಟ್ಟೆ ಗುಮ್ಮಟಕ್ಕೆ ಗಾಳಿ ಹೊಡೀತಾರೆ, ಬಗ್ಗಿ ತೂರ್ಕೊಂಡು ಒಳಗೆ ಹೋಗ್ಬೇಕು, ನಮ್ಮಪ್ಪನ ಮಂಡಿಗೆ ಅದು ಆಗಲಿಲ್ಲ. ಬ್ಲೋವರ್ ಸದ್ದು ಶೋ ಮುಗಿಯೋತನಕ ಇರುತ್ತೆ. ಅಗ್ಗ, ಮಕ್ಕಳಿಗೆ ಖುಷಿ, ತಾರಾಲಯ ದೂರ ಇರೋ ಊರಿನ ಶಾಲೆಗಳಿಗೆ ಇದು ನಿಜವಾಗ್ಲೂ ದೊಡ್ಡ ಉಪಕಾರ.

ಆದ್ರೆ ನಮಗೆ ತೋರಿಸಿದ್ದು ಎಲ್ಲೋ ಉತ್ತರದ ದೇಶದಲ್ಲಿ ಮಾಡಿದ ಇಂಗ್ಲಿಷ್ ಫಿಲ್ಮು. ಅದರಲ್ಲಿ ಧ್ರುವ ನಕ್ಷತ್ರ ಆಕಾಶದ ಅರ್ಧಕ್ಕೆ ನಿಂತಿದೆ, ಸಪ್ತರ್ಷಿ ಮಂಡಲ ಅದರ ಸುತ್ತ ಸುತ್ತಾನೇ ಇರುತ್ತೆ, ಮುಳುಗೋದೇ ಇಲ್ಲ. ಅಲ್ಲಿಯವರಿಗೆ ಅದು ಸರಿ. ಧ್ರುವ ದಿಗಂತದಿಂದ ಎಷ್ಟು ಎತ್ತರ ಇರುತ್ತೆ ಅನ್ನೋದು ನೀವಿರೋ ಜಾಗದ ಅಕ್ಷಾಂಶದಷ್ಟೇ, ಬೆಂಗಳೂರಿಗೆ ಅದು 13 ಡಿಗ್ರಿ, ಕೈ ಚಾಚಿ ಮುಷ್ಟಿ ಹಿಡಿದ್ರೆ ದಿಗಂತದಿಂದ ಒಂದು ಮುಷ್ಟಿಗಿಂತ ಚೂರು ಮೇಲೆ, ಊರೊಳಗೆ ಎದುರು ಬಿಲ್ಡಿಂಗಿನ ಹಿಂದೆ ಹೋಗಿರುತ್ತೆ. ಸಪ್ತರ್ಷಿಗಳು ನಮ್ಮಲ್ಲಿ ಹುಟ್ತಾರೆ, ಮುಳುಗ್ತಾರೆ. ಮಗಳು ಆ ಫಿಲ್ಮ್ ನೋಡ್ಕೊಂಡು ಬಂದು ಟೆರೇಸಲ್ಲಿ ಅರ್ಧ ಆಕಾಶಕ್ಕೆ ಕತ್ತೆತ್ತಿ ಧ್ರುವ ಹುಡುಕ್ತಾ ನಿಂತಿದ್ಲು, ಅಮ್ಮಾ ಇಲ್ಲಿ ಇಲ್ವಲ್ಲ ಅಂತ. ಇನ್ನೊಂದು ಕಡೆ ನಮಗೆ ದಕ್ಷಿಣದಲ್ಲಿ ಚಳಿಗಾಲದ ಸಂಜೆ ಚೆನ್ನಾಗಿ ಕಾಣೋ ಅಗಸ್ತ್ಯ ನಕ್ಷತ್ರ ಆ ಫಿಲ್ಮಲ್ಲಿ ಇಲ್ಲವೇ ಇಲ್ಲ, ಯಾಕಂದ್ರೆ ಅಲ್ಲಿಯವರಿಗೆ ಅದು ಏರೋದೇ ಇಲ್ಲ. ಮೇ ತಿಂಗಳಲ್ಲಿ ದಕ್ಷಿಣ ದಿಗಂತದ ಮೇಲೆ ನಿಲ್ಲೋ ತ್ರಿಶಂಕು ನಕ್ಷತ್ರಪುಂಜವೂ (ಸದರ್ನ್ ಕ್ರಾಸ್) ಇಲ್ಲ. ಮಕ್ಕಳಿಗೆ ಮೊದಲ ಸಲ ಆಕಾಶ ತೋರಿಸೋವಾಗ ಅವರ ಊರಿನ ಆಕಾಶ ತೋರಿಸ್ಬೇಕು ಅಂತ ನನಗೆ ಬಲವಾಗಿ ಅನ್ಸುತ್ತೆ. ಬುಕ್ ಮಾಡೋರು ಒಂದೇ ಪ್ರಶ್ನೆ ಕೇಳಿ, ನಮ್ಮೂರಿನ ಇವತ್ತಿನ ಆಕಾಶ ಲೈವ್ ಆಗಿ ತೋರಿಸ್ತೀರಾ ಅಂತ. ಹೂಂ ಅಂದ್ರೆ ಕರೆಸಿ.

ಬೆಂಗಳೂರು ತಾರಾಲಯ ಗೆದ್ದಿದ್ದು ಇಲ್ಲೇ. ಹೈಗ್ರೌಂಡ್ಸಲ್ಲಿ, ಚೌಡಯ್ಯ ರಸ್ತೆ ಮೇಲಿದೆ, 1989ರಲ್ಲಿ ಶುರುವಾಗಿದ್ದು, ನೆಹರು ನೂರನೇ ವರ್ಷಕ್ಕೆ ಅಂತ. ನಡೆಸ್ತಿರೋದು ಬೆಂಗಳೂರು ಅಸೋಸಿಯೇಷನ್ ಫಾರ್ ಸೈನ್ಸ್ ಎಜುಕೇಶನ್, ಶೋಗಳನ್ನ ಅವರೇ ತಯಾರು ಮಾಡ್ತಾರೆ, ಕನ್ನಡದ್ದು ಬೇರೆ, ಇಂಗ್ಲಿಷಿನದ್ದು ಬೇರೆ. ಗುಮ್ಮಟ 15 ಮೀಟರ್. ದೊಡ್ಡದೇನಲ್ಲ, ಆದ್ರೆ ಅಲ್ಲಿ ನಕ್ಷತ್ರಗಳು ಚುಕ್ಕಿ ಚುಕ್ಕಿಯಾಗೇ ಇರ್ತವೆ. ಅದಕ್ಕೆ ಕಾರಣ ಇದೆ. ಬರೀ ಡಿಜಿಟಲ್ ಪ್ರೊಜೆಕ್ಟರ್ ಆದ್ರೆ ಕಪ್ಪು ಅಂತ ಬಿಡೋದೂ ಒಂದು ಮಟ್ಟಿಗೆ ಬೂದು ಬೆಳಕೇ, ನಕ್ಷತ್ರ ಅನ್ನೋದು ಒಂದೆರಡು ಪಿಕ್ಸೆಲ್. ಆಪ್ಟೋ ಮೆಕ್ಯಾನಿಕಲ್ ಅಂತ ಇನ್ನೊಂದು ಥರ ಇದೆ, 1923ರಲ್ಲಿ ಜರ್ಮನಿಯ ಝೈಸ್ ಕಂಪನಿ ಮೊದಲು ಮಾಡಿ ಮ್ಯೂನಿಕ್‌ನ ಮ್ಯೂಸಿಯಮ್ಮಲ್ಲಿ ತೋರಿಸಿದ್ದು, ನಡುವೆ ಒಂದು ದೀಪ, ಒಂದೊಂದು ನಕ್ಷತ್ರಕ್ಕೂ ಒಂದೊಂದು ಸಣ್ಣ ತೂತು, ಮುಂದೆ ಲೆನ್ಸು. ಬೆಳಕು ನಕ್ಷತ್ರ ಇರೋ ಕಡೆ ಮಾತ್ರ ಹೋಗುತ್ತೆ, ಉಳಿದದ್ದು ನಿಜವಾದ ಕತ್ತಲು. ಬೆಂಗಳೂರಲ್ಲಿರೋದು ಹೈಬ್ರಿಡ್, ಎರಡೂ ಇದೆ. ಊರಿನ ಬೆಳಕಲ್ಲಿ ಬೆಳೆದ ನನ್ನ ಮಕ್ಕಳು ಅಷ್ಟು ನಕ್ಷತ್ರ ಒಟ್ಟಿಗೆ ನೋಡಿದ್ದು ಅಲ್ಲೇ ಮೊದಲು, ಸಣ್ಣವನು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡುಬಿಟ್ಟ.

ಆದ್ರೂ ನನಗೆ ಮನಸ್ಸಿಗೆ ಹತ್ತಿರ ಆಗಿದ್ದು ಮಷೀನಲ್ಲ. ಜೂನಲ್ಲಿ ಅಪ್ಪ ಬಂದಾಗ ಅವರನ್ನೂ ಕರ್ಕೊಂಡು ಹೋಗಿದ್ದೆ. ಅಪ್ಪ ಚನ್ನರಾಯಪಟ್ಟಣದ ಕಡೆ ರಾಗಿ, ತೆಂಗು ಅಂತ ಇಡೀ ಜೀವನ ಮಳೆ ನಕ್ಷತ್ರ ಲೆಕ್ಕ ಹಾಕಿದವರು, ರೋಹಿಣಿ, ಮೃಗಶಿರಾ, ಆರಿದ್ರಾ ಅಂತ ಬಾಯಲ್ಲೇ ಇದೆ, ಆದ್ರೆ ಆರಿದ್ರಾ ಮಳೆ ಬೀಳೋ ದಿನಗಳಲ್ಲಿ ಆರಿದ್ರಾ ನಕ್ಷತ್ರ ಎಲ್ಲಿರುತ್ತೆ ಅಂತ ಅವರೂ ನೋಡಿರಲಿಲ್ಲ. ನೋಡೋಕೂ ಆಗಲ್ಲ, ಯಾಕಂದ್ರೆ ಜೂನ್ 21, 22ರ ಸುಮಾರಿಗೆ ಸೂರ್ಯ ಆರಿದ್ರಾ ಪ್ರವೇಶ ಮಾಡ್ತಾನೆ ಅನ್ನೋದರ ಅರ್ಥಾನೇ ಸೂರ್ಯ ಆ ನಕ್ಷತ್ರದ ಕಡೆ ಇದ್ದಾನೆ ಅಂತ, ಹಗಲು ಬೆಳಕಲ್ಲಿ ಮುಚ್ಚಿಹೋಗಿರುತ್ತೆ. ಗುಮ್ಮಟದ ಒಳಗೆ ಹಗಲಿನ ನೀಲಿ ತೆಗೆದು ಸೂರ್ಯನ ಜೊತೆಗೇ ನಕ್ಷತ್ರಾನೂ ತೋರಿಸಬಹುದು. ಅವತ್ತಿನ ಸೂರ್ಯ, ಅದರ ಸ್ವಲ್ಪ ದಕ್ಷಿಣಕ್ಕೆ ಕೆಂಪಗೆ ಆರಿದ್ರಾ, ಪಕ್ಕದಲ್ಲಿ ಮಹಾವ್ಯಾಧನ ಮೂರು ನಕ್ಷತ್ರದ ಪಟ್ಟಿ. ವಿವರಣೆ ಕನ್ನಡದಲ್ಲಿದ್ದಿದ್ರಿಂದ ಅಪ್ಪಂಗೆ ನಾನು ಕಿವೀಲಿ ಪಿಸುಗುಡೋ ಕೆಲಸ ಇರಲಿಲ್ಲ. ಕತ್ತಲಲ್ಲೇ ಜೋರಾಗಿ, ಓ ಹಂಗಾದ್ರೆ ಮಳೆ ನಕ್ಷತ್ರ ಅನ್ನೋದು ಸೂರ್ಯ ಇರೋ ಮನೆ ಅಂದ್ರು. ಹೊರಗೆ ಬಂದ ಮೇಲೆ ಮೊಮ್ಮಗಳಿಗೆ ಪುಷ್ಯ, ಆಶ್ಲೇಷ, ಮಘೆ ಅಂತ ಒಂದೊಂದೇ ಹೇಳ್ತಾ, ಯಾವ ಮಳೆಗೆ ಯಾವ ಬಿತ್ತನೆ ಅಂತ ಅಲ್ಲಿನ ಸೈನ್ಸ್ ಪಾರ್ಕಲ್ಲಿ ಕೂತು ಪಾಠಾನೇ ಶುರು ಮಾಡಿದ್ರು. ಇದು ನನಗೆ ಬೇರೆ ಯಾವ ಶೋನಲ್ಲೂ ಸಿಕ್ಕಿಲ್ಲ, ಇದಕ್ಕೋಸ್ಕರ ಎಷ್ಟು ಸಲ ಬೇಕಾದ್ರೂ ಹೋಗ್ತೀನಿ.

ಖರ್ಚು: ನಮ್ಮ ಮನೆಯವರೆಲ್ಲರ ಟಿಕೆಟ್ ಸೇರಿಸಿದ್ರೂ ಆ ಕ್ಯಾಂಪಿನ ಒಬ್ಬರ ದುಡ್ಡಿಗಿಂತ ತುಂಬಾ ಕಮ್ಮಿ. ವಿಧಾನಸೌಧ ಮೆಟ್ರೋ ಸ್ಟೇಷನ್ನಲ್ಲಿ ಇಳಿದು ಆಟೋ ಹಿಡಿದ್ರೆ ಆಯ್ತು.

ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ಶುರುವಾಗಿದ್ದು, 18 ಮೀಟರ್ ಗುಮ್ಮಟ, ತ್ರೀಡಿ. ಭರ್ಜರಿಯಾಗಿದೆ. ಗ್ರಹಗಳು ಮುಖದ ಹತ್ತಿರ ಬಂದಂಗೆ ಆಗುತ್ತೆ, ಸಣ್ಣವನು ಕೈ ಚಾಚಿ ಹಿಡಿಯೋಕೆ ಹೋದ. ನನ್ನ ಮಗನನ್ನ ಕೇಳಿದ್ರೆ ಇದೇ ಫಸ್ಟ್ ಅಂತಾನೆ. ನನಗೆ ಸಿನಿಮಾಗಿಂತ ಸುಮ್ಮನೆ ನಿಂತ ಆಕಾಶದಲ್ಲಿ ಯಾರಾದ್ರೂ ಇದು ಚಿತ್ತಾ, ಇದು ಸ್ವಾತಿ ಅಂತ ಬೆರಳು ತೋರಿಸಿ ಹೇಳೋದು ಇಷ್ಟ, ಅದು ನನ್ನ ರುಚಿ ಅಷ್ಟೇ. ಕರಾವಳಿಯವರಿಗೆ ನಾನು ಕಣ್ಣುಮುಚ್ಚಿ ಪಿಲಿಕುಳಕ್ಕೇ ಹೋಗಿ ಅಂತೀನಿ, ಜೂನಿಂದ ಸೆಪ್ಟೆಂಬರ್ ತನಕ ಅಲ್ಲಿ ಮೋಡ ಬಿಟ್ರೆ ಮೇಲೆ ಏನೂ ಕಾಣಲ್ಲ, ಜೊತೆಗೆ ಪಕ್ಕದಲ್ಲೇ ಝೂ, ಕೆರೆ, ಗುತ್ತಿನ ಮನೆ, ಇಡೀ ದಿನ ಕಳೀಬಹುದು. ನಮಗೆ ಅದು ವರ್ಷಕ್ಕೊಂದು ಟ್ರಿಪ್ಪಿನ ಮಾತು, ಬಸ್ಸು, ರೂಮು ಎಲ್ಲ ಸೇರಿ.

ಕಾರಿದ್ದು, ಅಮಾವಾಸ್ಯೆ ಶನಿವಾರ ನೋಡಿ ಹೊರಡೋ ಹುಮ್ಮಸ್ಸಿದ್ರೆ ಕ್ಯಾಂಪೇ ಬೇಡ, ಪರಿಚಯದವರ ತೋಟ ಒಂದಿದ್ರೆ ಸಾಕು, ಒಂದು 10x50 ಬೈನಾಕ್ಯುಲರ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸೋ, 50 ಮಿಲಿಮೀಟರ್ ಲೆನ್ಸಿನದ್ದು) ತಗೊಂಡು ಚಾಪೆ ಹಾಸಿ ಮಲಗಿ. ಆದ್ರೆ ಅದಕ್ಕೂ ಮುಂಚೆ ಒಂದು ಸಲ ತಾರಾಲಯ ನೋಡಿರಿ, ಆಗ ತೋಟದಲ್ಲಿ ಮೇಲೆ ನೋಡಿದಾಗ ಯಾವುದು ಯಾವುದು ಅಂತ ಗುರುತು ಸಿಗುತ್ತೆ. ನಮ್ಮ ಮನೇಲಿ ಈಗ ಇದೇ ಅಭ್ಯಾಸ ಆಗಿದೆ, ಹೊಸ ಶೋ ಬಂದಾಗ ಭಾನುವಾರ ತಾರಾಲಯ, ಊರಿಗೆ ಹೋದಾಗ ಅಪ್ಪನ ತೋಟ.

ಬೆಂಗಳೂರು ತಾರಾಲಯಕ್ಕೆ ಹೋಗೋರಿಗೆ ಒಂದೆರಡು ವಿಷಯ. ಸೋಮವಾರ ರಜಾ. ಕನ್ನಡ ಶೋ ಯಾವ ಟೈಮಿಗೆ ಅಂತ ಅವರ ವೆಬ್‌ಸೈಟಲ್ಲಿ ನೋಡ್ಕೊಂಡೇ ಹೊರಡಿ. ಐದು ಹತ್ತು ನಿಮಿಷ ಮುಂಚೆ ಒಳಗೆ ಕೂತ್ರೆ ಕಣ್ಣು ಹೊಂದ್ಕೊಳ್ಳುತ್ತೆ. ಮತ್ತೆ ದಯವಿಟ್ಟು ಮೊಬೈಲ್ ಪೂರ್ತಿ ಆಫ್ ಮಾಡಿ ಜೇಬಲ್ಲಿಡಿ, ಒಂದು ಸ್ಕ್ರೀನ್ ಆನ್ ಆದ್ರೂ ಆ ಸಾಲಿನವರಿಗೆಲ್ಲ ಸಣ್ಣ ನಕ್ಷತ್ರಗಳು ಹೊರಟುಹೋಗ್ತವೆ. ನಡೆದ್ರೆ ಮಿನುಗೋ ಲೈಟಿನ ಶೂ ಹಾಕ್ಕೊಂಡ ಮಕ್ಕಳಿದ್ರೆ ಅವತ್ತು ಬೇರೆ ಚಪ್ಪಲಿ ಹಾಕಿಸಿ.