ಹಿಟ್ಟು ತಿಗಣೆಗೆ ಬೇವಿನ ಸೋಪೇ ಸರಿ, ಆದ್ರೆ ಬೋರ್ ನೀರು ಬೇಡ

ದಾಸವಾಳದ ಹಿಟ್ಟು ತಿಗಣೆಗೆ, ಅಂದರೆ ರಸ ಹೀರುವ ಬಿಳಿ ಹುಳಕ್ಕೆ, ಏನು ಹೊಡೆಯೋದು? ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ಗಿಡಕ್ಕೆ ಹೊಡೆಯುವ ಬೇವಿನ ಸೋಪಿಗೆ. ಬಳ್ಳಾರಿ ಬಿಸಿಲಲ್ಲಿ ದಾಸವಾಳ ಬೆಳೆಸುವವರಿಗೆ ಹಿಟ್ಟು ತಿಗಣೆ ಹೊಸದೇನಲ್ಲ. ಬೇಸಿಗೆ ಶುರುವಾದರೆ ಸಾಕು, ಚಿಗುರಿನ ಸಂದಿಗೆಲ್ಲ ಬಿಳಿ ಪುಡಿ ಮೆತ್ತಿಕೊಳ್ಳುತ್ತದೆ. ಎಲೆ ಮುದುಡುತ್ತೆ, ಮೊಗ್ಗು ಉದುರುತ್ತೆ. ಕೆಳಗಿನ ಎಲೆ ಮುಟ್ಟಿದರೆ ಬೆರಳಿಗೆ ಅಂಟು. ಆ ಅಂಟಿನ ಆಸೆಗೆ ಇರುವೆ ಸಾಲು. ಬೇವಿನ ಎಣ್ಣೆ, ಬೇವಿನ ಸೋಪು, ಗೊಬ್ಬರದಂಗಡಿಯಲ್ಲಿ ಕೊಡುವ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ, ಮೂರನ್ನೂ ಹೊಡೆದು ನೋಡಿದ್ದೇನೆ.

ಎಣ್ಣೆ ನೀರಿಗೆ ಬೆರೆಯೋದೇ ಇಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕಲಕಿದರೂ ಸ್ವಲ್ಪ ಹೊತ್ತಿಗೆ ಮೇಲೆ ತೇಲುತ್ತದೆ. ಮೊದಲ ಗಿಡಕ್ಕೆ ಬರೀ ನೀರು, ಕೊನೆಯ ಗಿಡಕ್ಕೆ ಬರೀ ಎಣ್ಣೆ. ಎಣ್ಣೆ ಜಾಸ್ತಿ ಬಿದ್ದ ಎಲೆ ಮರುದಿನದ ಬಿಸಿಲಿಗೆ ಸುಟ್ಟು ಕಂದಾಗುತ್ತದೆ. ವಾಸನೆ ಅಂತೂ ಕೇಳಬೇಡಿ.

ಇಮಿಡಾಕ್ಲೋಪ್ರಿಡ್ ಕೆಲಸ ಮಾಡುತ್ತೆ, ಸುಳ್ಳು ಹೇಳಲಾರೆ. ಗಿಡದ ರಸಕ್ಕೆ ಸೇರಿ, ರಸ ಹೀರುವ ಹುಳವನ್ನು ಕೊಲ್ಲುತ್ತದೆ. ಆದರೆ ಹೂವಿಗೆ ಬರುವ ಜೇನುಹುಳಕ್ಕೂ ಅದು ವಿಷವೇ. ಇನ್ನೊಂದು ತಕರಾರು ಕೆಂಪು ನುಸಿಯದು. ನುಸಿ ಜೇಡದ ಬಳಗದ್ದು, ಈ ಔಷಧಿ ಅದಕ್ಕೆ ನಾಟೋದಿಲ್ಲ. ನುಸಿ ತಿನ್ನುವ ಹುಳಗಳು ಮಾತ್ರ ಸಾಯುತ್ತವೆ. ನಮ್ಮ ಕಡೆಯ ಧೂಳು, ಒಣ ಗಾಳಿ ಮೊದಲೇ ನುಸಿಗೆ ಹಬ್ಬ, ಅಲ್ವಾ? ತಿಗಣೆ ಹೋಯ್ತು ಅನ್ನುವಷ್ಟರಲ್ಲಿ ಎಲೆಯ ಅಡಿ ಸಣ್ಣ ಬಲೆ ಕಾಣಿಸುತ್ತದೆ.

ಇನ್ನು ಸೋಪು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ್ದು ಇದು. ಹೊಂಗೆಯದೂ ಇದೆ. ಲೀಟರಿಗೆ ಸುಮಾರು 10 ಗ್ರಾಂ ತುರಿದು ಕರಗಿಸಿ ಸಂಜೆ ಹೊಡೆಯೋದು, ಅಷ್ಟೇ.

ಅಷ್ಟೇ ಅಂದೆ, ಆದರೆ ನಮ್ಮ ಬೋರ್ ನೀರು ಬಿಡಬೇಕಲ್ಲ! ಸೋಪು ಹಾಕಿ ಕಲಕಿದರೆ ನೊರೆಯೇ ಬರಲಿಲ್ಲ. ಬಕೆಟ್ಟಿನಲ್ಲಿ ಒಡೆದ ಹಾಲಿನ ಹಾಗೆ ಗಸಿ ಗಸಿ. ಅಂಚಿಗೆ ಬೂದು ಬಣ್ಣದ ಜಿಡ್ಡು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಸಿಯಾಗುತ್ತವೆ. ಅದು ಸ್ಪ್ರೇಯರ್ ನಾಜಲ್‌ಗೆ ಹೋಗಿ ಕಟ್ಟಿಕೊಂಡಿತು. ಪಿನ್ನು ಚುಚ್ಚಿ ಬಿಡಿಸು, ಎರಡು ಸಲ ಒತ್ತು, ಮತ್ತೆ ಪಿನ್ನು ಹುಡುಕು. ಬಟ್ಟೆಯಲ್ಲಿ ಸೋಸಿದೆ. ಗಸಿಯ ಜೊತೆ ಸೋಪೂ ಬಟ್ಟೆಯಲ್ಲೇ ಉಳಿಯಿತು. ಆ ನೀರು ಹೊಡೆದರೆ ತಿಗಣೆಯ ಮೇಣದ ಮೈ ಮೇಲೆ ಹನಿಹನಿಯಾಗಿ ಉರುಳಿ ಹೋಯಿತು. ನೀರು ಕಾಯಿಸಿ ಆರಿಸಿದರೂ ಗಡಸು ಪೂರ್ತಿ ಹೋಗಲಿಲ್ಲ.

ಕೊನೆಗೆ ಕುಡಿಯುವ ನೀರಿನ ಘಟಕಕ್ಕೆ ಹೋಗಿ, ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬಂದೆ. ಗಿಡಕ್ಕೆ ಫಿಲ್ಟರ್ ನೀರಾ ಅಂತ ಮನೆಯಲ್ಲಿ ನಕ್ಕರು. ಆದರೆ ಸೋಪು ಚೆನ್ನಾಗಿ ಕರಗಿತು, ತುಂತುರು ಸರಾಗ ಬಂತು, ಬಿಳಿ ಮೇಣ ನೆನೆದು ಒಳಗಿನ ಗುಲಾಬಿ ಮೈ ಕಾಣಿಸಿತು. ಮಳೆ ನೀರು ಹಿಡಿದಿಟ್ಟಿದ್ದರೆ ಅದೂ ಆಗುತ್ತೆ. ನಿಮ್ಮ ನೀರು ಹೇಗಿದೆ ಅಂತ ನೋಡಲು ಸೋಪಿನ ಚೂರನ್ನು ಬಾಟಲಿಗೆ ಹಾಕಿ ಕುಲುಕಿ. ನೊರೆ ನಿಂತರೆ ಪಾಸು.



ಹೊಡೆಯುವ ಮುಂಚೆ ಗಿಡ ಒಮ್ಮೆ ನೋಡಿ. ತಿಗಣೆಗಳ ನಡುವೆ ಸ್ವಲ್ಪ ದೊಡ್ಡದಾಗಿ, ಮೈ ತುಂಬ ಬಿಳಿ ಎಳೆ ಇಳಿಬಿಟ್ಟುಕೊಂಡು ಚುರುಕಾಗಿ ಓಡಾಡುವ ಹುಳ ಕಂಡರೆ ಅದು ತಿಗಣೆ ತಿನ್ನುವ ಗುಲಗಂಜಿ ಹುಳದ ಮರಿ ಇರಬಹುದು. ಆ ಕೊಂಬೆ ಬಿಟ್ಟುಬಿಡಿ.

ಸೋಪನ್ನು ವಾರಕ್ಕೊಮ್ಮೆಯಾದರೂ ಮತ್ತೆ ಹೊಡೆಯಬೇಕು, ಒಣಗಿದ ಮೇಲೆ ಅದರ ಜೋರು ಇಳಿಯುತ್ತೆ. ನಾನು ಹೇಗೂ ಸಂಜೆ ಗಿಡಗಳ ಹತ್ತಿರವೇ ಇರ್ತೇನೆ, ನಂಗೆ ಅಡ್ಡಿಯಿಲ್ಲ. ನಿಮಗೆ ಪುರುಸೊತ್ತು ಇಲ್ಲದಿದ್ದರೆ ಜಾಸ್ತಿ ಹತ್ತಿದ ತುದಿಗಳನ್ನು ಕತ್ತರಿಸಿ ಕವರಿಗೆ ಕಟ್ಟಿ ಬಿಸಾಕಿ. ಗಿಡದ ಬುಡದಲ್ಲಿ ಮಾತ್ರ ಹಾಕಬೇಡಿ, ಮರಿಗಳು ಮತ್ತೆ ಹತ್ತುತ್ತವೆ.