ತುಂಬೆ ಬೆಳೆಸಲು: ಎರಚುವುದೋ, ಟ್ರೇಯೋ, ಕಿತ್ತು ನೆಡುವುದೋ?

ಧಾರವಾಡ ಸುತ್ತಿನ ಮಸಾರಿ (ಕೆಂಪು ಮಣ್ಣು), ಗದಗ ಕಡೆಯ ಎರಿ (ಕಪ್ಪು ಮಣ್ಣು), ಎರಡರಲ್ಲೂ ಮೂರು ವಿಧಾನ ಮಾಡಿ ನೋಡಿದ್ದಾಗಿದೆ. ಮಳೆಗಾಲಕ್ಕಾದರೆ ಎರಚುವುದೇ ಸರಿ. ಶಿವರಾತ್ರಿಗೆ ಹೂ ಬೇಕಿದ್ದರೆ ಮಾತ್ರ ಟ್ರೇ.

ಬೀಜಕ್ಕೂ ಮೊದಲು ಗಿಡದ ಗುರುತು. ಕಾಂಡ ಚೌಕ, ಎಲೆ ಎದುರುಬದುರು, ಸಪೂರ. ಒಂದು ಹೂ ಕಿತ್ತು ಹತ್ತಿರ ಹಿಡಿಯಿರಿ: ಮೇಲ್ದುಟಿ ಪುಟ್ಟದು, ಬಿಳಿ ಉಣ್ಣೆ ಹೊದ್ದಂತೆ, ಕೆಳದುಟಿ ಅಗಲ, ಮೂರು ಸೀಳು. ಹೂ ಕಿತ್ತ ಮೇಲೆ ಉಳಿಯುವ ಹಸಿರು ಕೊಳವೆಯ ಬಾಯಿ ಓರೆಯಾಗಿ ಕತ್ತರಿಸಿದಂತಿದ್ದು, ಮೇಲಿನ ಹಲ್ಲು ಉದ್ದವಿದ್ದರೆ ಅದು ಲ್ಯೂಕಾಸ್ ಆಸ್ಪೆರಾ, ಅಂದರೆ ನಮಗೆ ಬೇಕಾದ ತುಂಬೆ. ತುದಿಯಲ್ಲಿ ನಿಂಬೆಹಣ್ಣಿನಷ್ಟು ದುಂಡು ಗೊಂಚಲಿದ್ದರೆ ಅದು ಲ್ಯೂಕಾಸ್ ಸೆಫಲೋಟಿಸ್, ಬೇರೆ ಜಾತಿ.

ಗೊಂಚಲು ಕಂದಾದಾಗ ಕತ್ತರಿಸಿ, ಕಾಗದದ ಮೇಲೆ ತಲೆಕೆಳಗೆ ಹಿಡಿದು ಕೊಡವಿ. ಪ್ರತಿ ಕೊಳವೆಯ ಬುಡದಲ್ಲಿ ನಾಲ್ಕು ಕಂದು ಬೀಜ. ಹೊಲದ ಬದುವಿನಿಂದ ತಂದರೆ ಸಾಕು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿಂದ ಬೇಡ.

ಎರಚಲು ಜೂನಿನ ಮಿರಗ (ಮೃಗಶಿರಾ) ಮಳೆ ಒಂದು ಹದ ಬಿದ್ದ ಮೇಲೆ ಚದರ ಮೀಟರಿಗೆ ಅರ್ಧ ಚಮಚ ಬೀಜ, ಎರಡು ಬೊಗಸೆ ಒಣ ಉಸುಕಿನಲ್ಲಿ ಬೆರೆಸಿ. ಮಣ್ಣು ಮುಚ್ಚಬೇಡಿ, ಅಂಗೈಯಿಂದ ಒತ್ತಿದರೆ ಸಾಕು. ಆಳಕ್ಕೆ ಹೋದದ್ದು ಏಳಲಿಲ್ಲ. ಮಸಾರಿಯಲ್ಲಿ ಸಲೀಸು. ಎರಿಯಲ್ಲಿ ಮಳೆ ನಿಂತ ಕೂಡಲೇ ಮೇಲ್ಪದರ ಹೆಪ್ಪುಗಟ್ಟಿ ಮೊಳಕೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಒಂದು ಗೇಣು ಏರುಮಡಿ ಮಾಡಿ, ಮೇಲೊಂದು ಬೆರಳು ಉಸುಕು ಹಾಸಿ, ಅದರ ಮೇಲೆ ಎರಚಿ. ಇರುವೆಗಳ ಕಾಟಕ್ಕೆ ಬೀಜವನ್ನು ಸ್ವಲ್ಪ ಹೆಚ್ಚೇ ಎರಚಬೇಕು.

ಟ್ರೇಯ ತೊಂದರೆ ಬೇರೆ. ದಿನಾ ನೀರು ಸುರಿದರೆ ಬುಡ ಕೊಳೆತು ಸಸಿ ಒರಗುತ್ತದೆ. ಅರ್ಧ ಮಸಾರಿ, ಅರ್ಧ ಉಸುಕು. ಗೊಬ್ಬರ ಬೇಡ, ಹಾಕಿದರೆ ಎಲೆಯೇ ಎಲೆ, ಹೂ ಕಡಿಮೆ. ನೀರು ಕೆಳಗಿನ ತಟ್ಟೆಯಿಂದ ಏರಲಿ. ನಾಲ್ಕೆಲೆ ಬಂದಾಗಲೇ ಬೇರಿನ ಮಣ್ಣುಸಮೇತ ಸಂಜೆ ನೆಡಿ. ಮಳೆಗೆ ಹುಟ್ಟಿದ ಗಿಡಗಳು ಸಂಕ್ರಾಂತಿಯ ಹೊತ್ತಿಗೆ ಒಣಗಿರುತ್ತವೆ. ಹಾಗಾಗಿ ಶಿವರಾತ್ರಿಗೆಂದರೆ ನವೆಂಬರಿನಲ್ಲಿ ಟ್ರೇ ಹೂಡಿ, ಬಿಸಿಲಿನಲ್ಲೇ ಇಟ್ಟು ನೀರುಣಿಸಬೇಕು. ನೆರಳಿನಲ್ಲಿ ಗಿಡ ಬಳ್ಳಿಯಂತೆ ಸೊರಗುತ್ತದೆ.

ಕಿತ್ತು ನೆಡುವುದು ಸುಲಭವೆನಿಸಿದರೂ ನೆಚ್ಚುವಂತಿಲ್ಲ. ಹೂವಾಡಿದ ಗಿಡವಂತೂ ಮಧ್ಯಾಹ್ನಕ್ಕೇ ಬಾಡಿತು.